ಕಾರಂಜಿ ಹಾರಿತು, ಲೈಬ್ನಿಜ್ ಇರಲಿಲ್ಲ

ಹ್ಯಾನೋವರ್‌ನಲ್ಲಿ ಓದುವ ನಮಗೆ ಲೈಬ್ನಿಜ್ ಹೆಸರು ತಪ್ಪಿದ್ದಲ್ಲ. ವಿಶ್ವವಿದ್ಯಾಲಯದ್ದೂ ಅದೇ ಹೆಸರು, ಅಂಗಡಿಯ ಬಿಸ್ಕತ್ತಿನದ್ದೂ ಅದೇ. ಆದರೆ ಕ್ಯಾಂಪಸ್‌ನಿಂದ ನಡೆದೇ ಹೋಗಬಹುದಾದ ಹೆರೆನ್‌ಹೌಸನ್ ಉದ್ಯಾನದ ಕಾರಂಜಿಯಲ್ಲೂ ಅವನ ಪಾಲಿದೆ ಅಂತ ನಮಗೆ ಗೊತ್ತಾಗಿದ್ದು ತಡವಾಗಿ.

ಇಲ್ಲಿನ 'ದೊಡ್ಡ ತೋಟ' ಸುಮಾರು 50 ಹೆಕ್ಟೇರ್. ಹ್ಯಾನೋವರ್ ದೊರೆಯ ಪತ್ನಿ ಸೋಫಿಯಾ 1696ರಿಂದ ಅದನ್ನು ಬೆಳೆಸಿದಳು. ರೂಪ ಕೊಟ್ಟವನು ಫ್ರೆಂಚ್ ತೋಟಗಾರ ಮಾರ್ಟಿನ್ ಶಾರ್ಬೋನಿಯೆ. ಬರೋಕ್ ತೋಟದಲ್ಲಿ ಗಿಡಮರಗಳೂ ರೇಖಾಗಣಿತದ ಮಾತು ಕೇಳಬೇಕು: ನೇರ ದಾರಿ, ಕತ್ತರಿಸಿದ ಬೇಲಿ, ಎಡಕ್ಕಿದ್ದದ್ದು ಬಲಕ್ಕೂ. ಇಂಥ ತೋಟದಲ್ಲೇ, ಸೋಫಿಯಾಳ ಎದುರು, ಒಂದೇ ಥರದ ಎರಡು ಎಲೆ ಇರೋದಿಲ್ಲ ಎಂಬ ಚರ್ಚೆ ನಡೆದದ್ದನ್ನು ಲೈಬ್ನಿಜ್ ಬರೆದಿದ್ದಾನೆ. ಒಪ್ಪದ ಒಬ್ಬರು ತುಂಬಾ ಹುಡುಕಿದರಂತೆ, ಸಿಗಲಿಲ್ಲ.

ಎಲ್ಲ ಸರಿಯಿತ್ತು, ಕಾರಂಜಿ ಮಾತ್ರ ಏಳುತ್ತಿರಲಿಲ್ಲ. ನೀರು 10 ಮೀಟರ್ ಹಾರಲು ಸುಮಾರು 1 ಬಾರ್ ಒತ್ತಡ ಬೇಕು. ನಳಿಕೆಯ ಘರ್ಷಣೆಗೆ ಇನ್ನಷ್ಟು. ಈ ಊರೋ ಚಪ್ಪಟೆ, ಒತ್ತಡ ಕೊಡುವಷ್ಟು ಎತ್ತರ ಹತ್ತಿರದಲ್ಲಿಲ್ಲ. ಲೈನೆ ನದಿಗೆ ಕಟ್ಟೆ ಕಟ್ಟಿ, ನೀರಿನ ಚಕ್ರಗಳಿಂದ ಪಂಪ್ ಓಡಿಸಿ ಅಂತ ಲೈಬ್ನಿಜ್ ಸೂಚಿಸಿದ. ಕೆಲಸ ಎಳೆಯುತ್ತಾ ಹೋಯಿತು.

1714ರ ಜೂನ್‌ನಲ್ಲಿ ಇದೇ ತೋಟದಲ್ಲಿ ನಡೆಯುತ್ತಿದ್ದಾಗ ಮಳೆ ಬಂದು, ಓಡುವಾಗ ಕುಸಿದು ಸೋಫಿಯಾ ತೀರಿಕೊಂಡಳು. ಎರಡೇ ತಿಂಗಳು ಬದುಕಿದ್ದರೆ ಬ್ರಿಟನ್ನಿನ ರಾಣಿಯಾಗುತ್ತಿದ್ದಳು. ಮಗ ಒಂದನೇ ಜಾರ್ಜ್ ಲಂಡನ್‌ಗೆ ಹೋದ. ಲೈಬ್ನಿಜ್ ಇಲ್ಲೇ ಉಳಿದು 1716ರಲ್ಲಿ ಸತ್ತ. 1720ರ ಆಸುಪಾಸು ನದಿಯ ಪಂಪುಗಳಿಂದ ಕಾರಂಜಿ ಸುಮಾರು 35 ಮೀಟರ್ ಹಾರಿದಾಗ ನೋಡಲು ಇಬ್ಬರೂ ಇರಲಿಲ್ಲ.

ಒಂದು ರೀತಿಯಲ್ಲಿ ದೊರೆ ಊರು ಬಿಟ್ಟದ್ದೇ ತೋಟಕ್ಕೆ ಒಳ್ಳೇದಾಯಿತು. ಮುಂದೆ ಯುರೋಪಿನ ಎಷ್ಟೋ ಬರೋಕ್ ತೋಟಗಳನ್ನು ಅಗೆದು ಇಂಗ್ಲಿಷ್ ಶೈಲಿಗೆ ಬದಲಿಸಿದರು. ಇದನ್ನು ಬದಲಿಸುವ ಆಸಕ್ತಿ ಯಾರಿಗೂ ಇರಲಿಲ್ಲ. 1943ರ ಬಾಂಬಿಗೆ ಅರಮನೆ ಸುಟ್ಟಿತು, ಮತ್ತೆ ಕಟ್ಟಿದ್ದು 2013ರಲ್ಲಿ. ತೋಟದ ನಕ್ಷೆ ಮಾತ್ರ ಸೋಫಿಯಾಳ ಕಾಲದ್ದೇ.

ಈಗ ವಿದ್ಯುತ್ ಪಂಪುಗಳು ನೀರನ್ನು 70 ಮೀಟರಿಗೂ ಮೇಲೆ ಚಿಮ್ಮಿಸುತ್ತವೆ. ಥೀಸಿಸ್ ಮುಂದಕ್ಕೆ ಹೋಗದ ದಿನಗಳಲ್ಲಿ ನಾವು ಅಲ್ಲಿಗೆ ಹೋಗಿ ಕೂರ್ತೀವಿ. ಹೊಸದಾಗಿ ಬಂದವರೂ ಬನ್ನಿ. ಟ್ರಾಮ್ 4 ಅಥವಾ 5 ಹತ್ತಿ. ಬೇಸಿಗೆಯಲ್ಲೇ ಬನ್ನಿ, ಗಾಳಿ ಬೀಸುವ ಕಡೆ ನಿಲ್ಲಬೇಡಿ, ನೆಂದುಬಿಡ್ತೀರಿ!