ಪರಂಗಿ ಎಂದರೆ ಯಾರು?

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಪಪ್ಪಾಯಿಗೆ ‘ಪರಂಗಿ ಹಣ್ಣು’ ಎಂದೇ ರೂಢಿ. ಪರಂಗಿ ಎಂದರೆ ಬಿಳಿಯ ಪರದೇಶಿ. ಆದರೆ ಈ ಪದದ ಮೂಲ ಒಂದು ಬುಡಕಟ್ಟಿನ ಹೆಸರು.

ರೈನ್ ನದಿಯ ಆಸುಪಾಸಿನಲ್ಲಿದ್ದ ಜರ್ಮಾನಿಕ್ ಜನ ಫ್ರಾಂಕರು. ಫ್ರಾನ್ಸ್ ಎಂಬ ಹೆಸರು ಬಂದದ್ದು ಅವರಿಂದಲೇ. 1096ರಲ್ಲಿ ಜೆರುಸಲೇಮಿಗಾಗಿ ಧರ್ಮಯುದ್ಧಗಳು ಆರಂಭವಾದಾಗ ಅರಬರು ಪಶ್ಚಿಮ ಯುರೋಪಿನವರನ್ನೆಲ್ಲ ‘ಫ್ರಂಜ್’ ಎಂದು ಕರೆದರು. ಪಾರಸಿಯಲ್ಲಿ ಅದು ‘ಫರಂಗಿ’, ನಮ್ಮಲ್ಲಿ ‘ಪರಂಗಿ’. 1498ರಲ್ಲಿ ಭಾರತಕ್ಕೆ ಬಂದ ಪೋರ್ಚುಗೀಸರಿಗೂ, ನಂತರದ ಇಂಗ್ಲಿಷರಿಗೂ ಇದೇ ಹೆಸರಾಯಿತು. ಪಪ್ಪಾಯಿ ಅಮೆರಿಕ ಖಂಡದ್ದು. ಪರಂಗಿಯವರು ತಂದದ್ದರಿಂದ ಪರಂಗಿ ಹಣ್ಣಾಯಿತು.

ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಹಿರೋಡೆಗೆ ‘ಫ್ರೆಂಚ್ ರಾಕ್ಸ್’ ಎಂಬ ಹೆಸರು ಬಂದಿತ್ತು. ಆ ‘ಫ್ರೆಂಚ್’ ಕೂಡ ಫ್ರಾಂಕರದೇ. ಊರು ಪಾಂಡವಪುರವಾಗಿದೆ, ಹಣ್ಣು ಮಾತ್ರ ಇಂದಿಗೂ ಪರಂಗಿಯೇ.