ಲೆಡ್ಜರಿನ ಮೊದಲ ಪುಟ

ಚನ್ನಪಟ್ಟಣದ ನಮ್ಮ ಗೊಂಬೆ ಅಂಗಡಿಯ ಲೆಕ್ಕವನ್ನೆಲ್ಲ ಸೊಸೆ ಎಕ್ಸೆಲ್‌ನಲ್ಲಿ ಇಡುತ್ತಾಳೆ. ಒಂದೇ ಫೈಲಿನಲ್ಲಿ ನಲವತ್ತು ಹಾಳೆ: ಆಲೆಮರ, ಅರಗು, ರಾಮನಗರ, ಕನಕಪುರ, ಮಾಗಡಿ ಅಂಗಡಿಗಳ ಬಾಕಿ, ಕೆಲಸಗಾರರ ಕೂಲಿ. ಹೋದ ತಿಂಗಳು ಒಬ್ಬರ ಮುಂಗಡ ಇನ್ನೊಬ್ಬರ ಹಾಳೆಗೆ ಸೇರಿ, ಪಡೆಯದ ದುಡ್ಡು ಹಿರಿಯರೊಬ್ಬರ ಕೂಲಿಯಲ್ಲಿ ಮುರಿದುಹೋಯಿತು. ಅವರು ಮಾತಾಡದೆ ಎದ್ದು ಹೋದರು.

ಹಾಳೆಗಳ ಹೆಸರು ನೋಡಿದೆ: ಶೀಟ್ 17, ಶೀಟ್ 18! ತಪ್ಪಾಗದೆ ಇನ್ನೇನು?

ನಾನು ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು. ಅದರ ಮೊದಲಲ್ಲಿ ಸೂಚಿ ಇರುತ್ತಿತ್ತು; ಹೆಸರು ಹುಡುಕಿ, ಫೋಲಿಯೋ ನಂಬರು ಹಿಡಿದು ನೇರ ಆ ಪುಟಕ್ಕೆ. (ಎಕ್ಸೆಲ್‌ನ ಒಂದು ಹಾಳೆಗೆ 10,48,576 ಸಾಲು. ನನ್ನ ಲೆಡ್ಜರಿಗೆ ಅಷ್ಟಿದ್ದರೆ ಎತ್ತಿನ ಗಾಡಿ ಬೇಕಿತ್ತು.)

ಏಳನೇ ಕ್ಲಾಸಿನ ಮೊಮ್ಮಗಳು ಮೌಸ್ ಹಿಡಿದಳು. ಹಾಳೆಗಳಿಗೆ ಆಯಾ ಕೆಲಸಗಾರರ ಹೆಸರಿಟ್ಟಳು. ಎಲ್ಲಕ್ಕೂ ಮುಂದೆ ‘ಸೂಚಿ’ ಹಾಳೆ. ಅಲ್ಲಿನ ಒಂದೊಂದು ಹೆಸರಿಗೂ ಕಂಟ್ರೋಲ್, ಕೆ ಒಟ್ಟಿಗೆ ಒತ್ತಿ, ‘ಪ್ಲೇಸ್ ಇನ್ ದಿಸ್ ಡಾಕ್ಯುಮೆಂಟ್’ ಆರಿಸಿ ಲಿಂಕ್ ಕೊಟ್ಟಳು. ವಾಪಸು ಬರಲು ಪ್ರತಿ ಹಾಳೆಯ ಮೇಲೆ ‘ಸೂಚಿಗೆ’. ಕೂಲಿ ಹಾಳೆಗಳ ಟ್ಯಾಬು ಹಸಿರು, ಬಾಕಿಯವು ಕೆಂಪು.

“ತಾತಾ, ತಲೆಸಾಲು ಮೇಲೆ ಓಡಿಹೋಗುತ್ತೆ!”

ಅದಕ್ಕೆ ‘ಫ್ರೀಜ್ ಪೇನ್ಸ್’.

ಶನಿವಾರ ಬಟವಾಡೆಗೆ ಆ ಹಿರಿಯರನ್ನು ಪಕ್ಕದಲ್ಲೇ ಕೂರಿಸಿಕೊಂಡೆವು. ತಮ್ಮ ಹೆಸರನ್ನು ತಾವೇ ಕ್ಲಿಕ್ ಮಾಡಿದರು. ಮುರಿದಿದ್ದ ದುಡ್ಡು ಹಸಿರು ಹಾಳೆಯಲ್ಲಿ ಜಮಾ ಆಗಿತ್ತು.