ಗಾಳಕ್ಕೆ ಯಾವ ಎರೆ? ಕೆರೆಗೂ ತೋಟದ ಹಳ್ಳಕ್ಕೂ ಸಲ್ಲುವ ನಾಲ್ಕು ಮಾತು



ಪ್ರತಿ ವರ್ಷ ನವೆಂಬರ್ ತಿಂಗಳಲ್ಲಿ ಬೆಂಗಳೂರಿನ ಜಿ.ಕೆ.ವಿ.ಕೆ. ಆವರಣದಲ್ಲಿ ನಡೆಯುವ ಕೃಷಿ ಮೇಳಕ್ಕೆ ನಮ್ಮ ಸದಸ್ಯರು ಹೋಗಿ ಬರುವುದುಂಟು. ಆ ಆವರಣದ ಪಕ್ಕದಲ್ಲೇ, ಬಳ್ಳಾರಿ ರಸ್ತೆಯಲ್ಲಿ ಯಲಹಂಕದ ಕಡೆಗೆ ಹೋಗುವಾಗ ಸಿಗುವುದು ಅಲ್ಲಾಳಸಂದ್ರ. ಹಳೆಯ ಕೆರೆಯ ಊರು. ಈಗ ನಗರದೊಳಗೆ ಸೇರಿಹೋಗಿದೆ. ಮೇಳ ನೋಡಿ ಕೆರೆಯನ್ನೂ ಕಂಡು ಬಂದವರು ಊರಿಗೆ ಮರಳಿದ ಮೇಲೆ ಸಂಘದ ಕಛೇರಿಯಲ್ಲಿ ಅಡಿಕೆ ಧಾರಣೆಯ ಮಾತು ಮುಗಿಸಿ ಮೀನಿನ ಮಾತಿಗೆ ಬರುತ್ತಾರೆ. ತರುಣ ಸದಸ್ಯರ ಕೈಯಲ್ಲಿ ಪೇಟೆಯಿಂದ ತಂದ ಬಣ್ಣಬಣ್ಣದ ರಬ್ಬರ್ ಕಪ್ಪೆ, ತಗಡಿನ ಚಮಚ, ಪ್ಲಾಸ್ಟಿಕ್ ಮೀನು ಇರುತ್ತವೆ. "ಇವು ಅಮೆರಿಕದ ಬಾಸ್ ಮೀನಿಗೆ ಮಾಡಿದವಂತೆ, ನಮ್ಮ ಕೆರೆಯಲ್ಲಿ ನಡೆಯುತ್ತವೆಯೇ?" ಎಂಬುದು ಅವರ ಪ್ರಶ್ನೆ. ಉತ್ತರವನ್ನು ಒಬ್ಬೊಬ್ಬರಿಗೂ ಹೇಳುವ ಬದಲು ಎಲ್ಲರಿಗೂ ಅನುಕೂಲವಾಗಲೆಂದು ಇಲ್ಲಿ ಬರೆಯುತ್ತಿದ್ದೇವೆ.

ಬಾಸ್ ಎಂಬ ಮೀನು

ಬಾಸ್ ನಮ್ಮ ಮೀನಲ್ಲ. ಅದು ಉತ್ತರ ಅಮೆರಿಕದ ಸಿಹಿನೀರಿನ ಬೇಟೆಗಾರ ಮೀನು. 1932ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಜಾರ್ಜ್ ಪೆರ್ರಿ ಎಂಬ ರೈತ ಹಿಡಿದ 22 ಪೌಂಡ್ 4 ಔನ್ಸ್ ತೂಕದ ಬಾಸ್ ಬಹುಕಾಲ ವಿಶ್ವದಾಖಲೆಯಾಗಿ ಉಳಿದಿತ್ತು. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಹಿಡಿದ ಮೀನು ಅದನ್ನು ಸರಿಗಟ್ಟಿತು. ಜಪಾನಿಗೆ ಈ ಮೀನು ಹೋದದ್ದು 1925ರಲ್ಲಿ. ಅಲ್ಲಿ ಅದು ಸ್ಥಳೀಯ ಮೀನುಗಳನ್ನು ತಿಂದು ಉಪದ್ರವವಾಗಿದೆ. ಆದ್ದರಿಂದ ಬಾಸ್ ಮರಿಯನ್ನೇ ತಂದು ನಮ್ಮ ಕೃಷಿ ಹೊಂಡಕ್ಕೆ ಬಿಟ್ಟರೇನು ಎಂದು ಯಾರೂ ಯೋಚಿಸುವುದು ಬೇಡ.

ಆದರೆ ಬಾಸ್ ಹಿಡಿಯುವವರು ಕಂಡುಕೊಂಡ ಒಂದು ತತ್ವ ನಮಗೂ ಉಪಯೋಗಕ್ಕೆ ಬರುತ್ತದೆ. ಬೇಟೆಗಾರ ಮೀನು ವಾಸನೆಗಿಂತ ಹೆಚ್ಚಾಗಿ ಚಲನೆಗೆ ಬಾಯಿ ಹಾಕುತ್ತದೆ. ಫಿನ್‌ಲೆಂಡಿನ ಲೌರಿ ರಾಪಾಲಾ ಎಂಬ ಬೆಸ್ತ 1936ರಲ್ಲಿ ಬೆಂಡಿನ ತುಂಡನ್ನು ಕೆತ್ತಿ, ಚಾಕಲೇಟಿನ ತಗಡು ಸುತ್ತಿ, ಗಾಯಗೊಂಡ ಮರಿಮೀನಿನಂತೆ ಹೊಯ್ದಾಡುವ ಹುಸಿ ಮೀನನ್ನು ಮಾಡಿದ. 1949ರಲ್ಲಿ ಅಮೆರಿಕದ ನಿಕ್ ಕ್ರೀಮ್ ಎಂಬಾತ ಮೆತ್ತನೆಯ ಪ್ಲಾಸ್ಟಿಕ್ ಎರೆಹುಳು ತಯಾರಿಸಿದ. ಇಂದು ಅಂಗಡಿಯಲ್ಲಿ ಕಾಣುವ ನೂರಾರು ಲೂರುಗಳು ಬಹುಪಾಲು ಇಂಥವುಗಳ ಮಕ್ಕಳು ಮೊಮ್ಮಕ್ಕಳು.

ನಮ್ಮ ಕೊರವ

ಬಾಸ್‌ನ ಜಾಗದಲ್ಲಿ ನಮ್ಮಲ್ಲಿರುವುದು ಕೊರವ. ಕುಚ್ಚು ಎಂದೂ ಕರೆಯುತ್ತಾರೆ. ಇಂಗ್ಲಿಷಿನವರು ಮುರ್ರೆಲ್ ಎನ್ನುತ್ತಾರೆ. ಹಾವಿನ ತಲೆ, ದೊಡ್ಡ ಬಾಯಿ, ಗಾಳಿಯನ್ನೂ ಉಸಿರಾಡುವ ಶಕ್ತಿ. ಜೊಂಡು, ತಾವರೆ ಎಲೆಗಳ ನೆರಳಿನಲ್ಲಿ ಅಲುಗಾಡದೆ ಕಾದಿದ್ದು ಮೇಲೆ ಹಾದುಹೋಗುವ ಕಪ್ಪೆಯ ಮೇಲೆ ನುಗ್ಗುತ್ತದೆ. ಬಾಸ್‌ನ ಸ್ವಭಾವವೂ ಇಂಥದೇ. ಹಾಗಾಗಿ ಬಾಸ್‌ಗೆಂದು ಮಾಡಿದ ರಬ್ಬರ್ ಕಪ್ಪೆ ನಮ್ಮ ಕೊರವನಿಗೆ ಚೆನ್ನಾಗಿ ಒಪ್ಪುತ್ತದೆ. ಕೊಕ್ಕೆ ಮೇಲ್ಮುಖವಾಗಿ ಕಪ್ಪೆಯ ಮೈಗೆ ಅಂಟಿಕೊಂಡಿರುವುದನ್ನೇ ಆರಿಸಬೇಕು. ಇಲ್ಲವಾದರೆ ಪ್ರತಿ ಎಸೆತಕ್ಕೂ ಜೊಂಡು ಸಿಕ್ಕಿಕೊಳ್ಳುತ್ತದೆ. ಎಲೆಯ ಮೇಲೆ ಎಸೆದು ನಿಧಾನವಾಗಿ ಎಳೆದು, ತೆರವು ನೀರಿಗೆ ಬಿದ್ದ ಕೂಡಲೇ ಒಂದು ಕ್ಷಣ ನಿಲ್ಲಿಸಬೇಕು. ಹೊಡೆತ ಬೀಳುವುದು ಹೆಚ್ಚಾಗಿ ಆಗಲೇ. ಹೊಡೆದೊಡನೆ ಜಗ್ಗದೆ, ಮೀನು ಬಾಯಿ ಮುಚ್ಚಿ ತಿರುಗುವವರೆಗೆ ತಾಳ್ಮೆ ಬೇಕು.

ಜೀವಂತ ಕಪ್ಪೆಯನ್ನು ಕೊಕ್ಕೆಗೆ ಚುಚ್ಚುವುದು ಹಳೆಯ ಪದ್ಧತಿ. ಅದನ್ನು ಬಿಡುವುದು ಒಳ್ಳೆಯದೆಂದು ನಾವು ಹೇಳುತ್ತೇವೆ. ಗದ್ದೆಯ ಹುಳುಗಳನ್ನು ತಿಂದು ರೈತನಿಗೆ ನೆರವಾಗುವ ಕಪ್ಪೆಯ ಸಂತತಿ ಕುಗ್ಗಿದ್ದರಿಂದಲೇ 1987ರಲ್ಲಿ ಭಾರತ ಸರ್ಕಾರ ಕಪ್ಪೆಕಾಲಿನ ರಫ್ತನ್ನು ನಿಲ್ಲಿಸಿತು. ರಬ್ಬರ್ ಕಪ್ಪೆ ಅಷ್ಟೇ ಕೆಲಸ ಮಾಡುವಾಗ ನಿಜದ ಕಪ್ಪೆಯನ್ನು ಏಕೆ ಕಳೆದುಕೊಳ್ಳಬೇಕು? ಕೈಚಳಕವಿದ್ದವರು ಲೂರನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ತೋಟದ ನೆರಳಿಗೆ ನೆಟ್ಟ ಹಾಲುವಾಣದ ಒಣಗಿದ ಕೊಂಬೆ ಹಗುರ, ಮೃದು. ತೇಲುವ ಲೂರು ಕೆತ್ತಲು ತಕ್ಕದ್ದು.

ಗೆಂಡೆ ಜಾತಿಗೆ ಹಿಟ್ಟು

ಕೆರೆಗಳಿಗೆ ಬಿತ್ತನೆ ಮಾಡುವ ಕಾಟ್ಲ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಇವು ಬೇಟೆಗಾರರಲ್ಲ. ಇವಕ್ಕೆ ಲೂರು ಎಸೆಯುವುದು ವ್ಯರ್ಥ ಶ್ರಮ. ಕಾಟ್ಲ ಮೇಲ್ಪದರದಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದ ಕೆಸರಿನಲ್ಲಿ ಮೇಯುತ್ತವೆ. ಆದ್ದರಿಂದ ಎರೆ ಯಾವುದು ಎಂಬುದರಷ್ಟೇ ಮುಖ್ಯ, ಅದು ಯಾವ ಆಳದಲ್ಲಿ ನಿಲ್ಲುತ್ತದೆ ಎಂಬುದು. ತೇಲುಬೆಂಡನ್ನು ಮೇಲೆ ಕೆಳಗೆ ಸರಿಸಿ ಆಳವನ್ನು ಹೊಂದಿಸಿಕೊಳ್ಳಬೇಕು. ಕಡಲೆಕಾಯಿ ಹಿಂಡಿ, ಅಕ್ಕಿ ತೌಡು, ಗೋಧಿಹಿಟ್ಟು ಕಲಸಿದ ಉಂಡೆ ಇವುಗಳ ವಾಸನೆಗೆ ಗೆಂಡೆ ಜಾತಿ ಬರುತ್ತದೆ.

ನದಿಯ ದೊಡ್ಡ ಮೀನಿಗೆ ರಾಗಿಯೇ ರಾಜ ಎರೆ. ಕಾವೇರಿಯ ಮಹಶೀರ್ ಮೀನಿಗೆ ರಾಗಿಹಿಟ್ಟನ್ನು ಮುದ್ದೆಯಂತೆ ಬೇಯಿಸಿ, ಮತ್ತೆ ನಾದಿ, ಗಟ್ಟಿ ಉಂಡೆ ಮಾಡಿ ಕೊಕ್ಕೆಗೆ ಕಟ್ಟುವುದು ಈ ನಾಡಿನದೇ ವಿದ್ಯೆ. ವಿದೇಶಿ ಶಿಕಾರಿಗಳೂ ಇದನ್ನೇ ಕಲಿತರು. ಬೇಯಿಸದ ಹಿಟ್ಟು ಹರಿಯುವ ನೀರಿನಲ್ಲಿ ಕರಗಿಹೋಗುತ್ತದೆ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು. ಆ ಕಾಲ ಹೋಯಿತು. ಕಾವೇರಿಯ ಗೂನುಬೆನ್ನಿನ ಮಹಶೀರ್ 2018ರಿಂದ ಅಳಿವಿನ ಅಂಚಿನಲ್ಲಿರುವ ಜೀವಿಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿದೆ. ಭೀಮೇಶ್ವರಿ, ಗಾಲಿಬೋರೆಗಳ ನೀರು ಅಭಯಾರಣ್ಯಕ್ಕೆ ಸೇರಿದ್ದು. ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ಗಾಳ ಎತ್ತುವಂತಿಲ್ಲ. ಬೇರೆಲ್ಲಾದರೂ ಸಿಕ್ಕರೂ ನೀರಿಗೆ ಮರಳಿ ಬಿಡುವುದೇ ಧರ್ಮ.

ಎರೆಹುಳುವಂತೂ ಎಲ್ಲ ಮೀನಿಗೂ ಸಲ್ಲುತ್ತದೆ. ಎರೆ ಎಂದರೆ ಗಾಳದ ತಿನಿಸು. ಹುಳುವಿಗೆ ಆ ಹೆಸರು ಬಂದದ್ದೇ ಆ ಕೆಲಸದಿಂದ. ಜಿಲೇಬಿ ಮೀನಿಗೆ ಸಣ್ಣ ಕೊಕ್ಕೆ, ಚಿಕ್ಕ ತುಂಡು ಹುಳು ಸಾಕು. ಬಾಳೆ ಮೀನಿಗೆ ಕೋಳಿ ಕರುಳು ಅಥವಾ ಸಣ್ಣ ಮೀನು ಬೇಕು. ಹುಳುವನ್ನು ಗೊಬ್ಬರದ ಗುಂಡಿಯಿಂದ ತೆಗೆಯಿರಿ. ಔಷಧಿ ಹೊಡೆದ ಗಿಡದ ಬುಡದಿಂದ ಬೇಡ. ಖಾಲಿ ಔಷಧಿ ಡಬ್ಬಿಯಲ್ಲಿ ಎರೆ ಇಡುವುದಂತೂ ಕೂಡಲೇ ಕೂಡದು.

ಬಣ್ಣದ ವಿಚಾರ

ಅಂಗಡಿಯ ಬಣ್ಣ ಮೊದಲು ಹಿಡಿಯುವುದು ಗಿರಾಕಿಯನ್ನು, ಆಮೇಲೆ ಮೀನನ್ನು. ತಿಳಿನೀರಿಗೆ ಬೆಳ್ಳಿ, ಹಸಿರು, ಕಂದು ಹೀಗೆ ಸಹಜ ಬಣ್ಣ ಸಾಕು. ಕದಡಿದ ನೀರಿಗೆ ಕಪ್ಪು ಅಥವಾ ಗಾಢ ಹಳದಿ, ಜೊತೆಗೆ ನೀರನ್ನು ಅಲುಗಿಸುವ ತಿರುಗು ತಗಡು ಇರಬೇಕು. ಕಣ್ಣಿಗೆ ಕಾಣದಿದ್ದರೂ ಮೈಪಕ್ಕದ ಗೆರೆಯಿಂದ ಮೀನು ಅಲುಗಾಟವನ್ನು ಅರಿಯುತ್ತದೆ. ಹೊಸಬರಿಗೆ ಒಂದು ಕಪ್ಪೆ, ಒಂದು ಬೆಳ್ಳಿ ಚಮಚ, ಒಂದು ತಿರುಗು ತಗಡು ಇವು ಮೂರಿದ್ದರೆ ಸಾಕು. ಉಳಿದ ಹಣವನ್ನು ಒಳ್ಳೆಯ ದಾರಕ್ಕೆ ಹಾಕಿ.

1873ರಲ್ಲಿ ಮಂಗಳೂರಿನಲ್ಲಿ ಅಚ್ಚಾದ 'ದಿ ರಾಡ್ ಇನ್ ಇಂಡಿಯಾ' ಪುಸ್ತಕವನ್ನು ಬರೆದವನು ದಕ್ಷಿಣ ಕನ್ನಡದಲ್ಲಿ ಕಲೆಕ್ಟರನಾಗಿದ್ದ ಎಚ್.ಎಸ್. ಥಾಮಸ್. 1887ರಲ್ಲಿ ಕೆರೆಯ ಗಾಳದ ಬಗೆಗೇ ಇನ್ನೊಂದು ಪುಸ್ತಕ ತಂದ. ನಮ್ಮವರೇ ಆದ, ಮೂಡಿಗೆರೆಯ ಕಾಫಿ ಬೆಳೆಗಾರ ಪೂರ್ಣಚಂದ್ರ ತೇಜಸ್ವಿಯವರ ಗಾಳದ ಹವ್ಯಾಸವನ್ನು ಓದುಗರು ಬಲ್ಲರು. ಗಾಳದ ಕೋಲು ಹಿಡಿದವರು ನೀರನ್ನು ಗಮನಿಸಲು ಕಲಿಯುತ್ತಾರೆ ಎಂಬುದಕ್ಕೆ ಇಂಥವರೇ ಸಾಕ್ಷಿ.

ಎರೆಯಲ್ಲದ ಎರೆ

ಇಷ್ಟು ಬರೆಯಲು ಇನ್ನೊಂದು ಕಾರಣವೂ ಇದೆ. ಮಲೆನಾಡಿನ ಕೆಲವು ಹಳ್ಳಗಳಲ್ಲಿ ಇಂದಿಗೂ ಗಾಳದ ಬದಲು ತೋಟೆ ಸಿಡಿಸುವುದು, ಬ್ಲೀಚಿಂಗ್ ಪುಡಿ ಮತ್ತು ಕೀಟನಾಶಕ ಸುರಿಯುವುದು ನಿಂತಿಲ್ಲ. 1897ರ ಮೀನುಗಾರಿಕೆ ಕಾಯಿದೆಯೇ ಇದನ್ನು ಅಪರಾಧವೆಂದು ಸಾರಿದೆ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ, ಕಪಿಲಾ ಹೊಳೆಯ ದೇವರ ಮೀನುಗಳಿಗೆ 1996ರಲ್ಲಿ ಯಾರೋ ವಿಷ ಹಾಕಿದರು. ಸಾವಿರಾರು ಮೀನು ಸತ್ತವು. ಅವುಗಳ ನೆನಪಿಗೆ ಅಲ್ಲಿ ಸ್ಮಾರಕವಿದೆ. ಗಾಳ ಒಂದು ಮೀನನ್ನು ಹಿಡಿಯುತ್ತದೆ. ವಿಷ ಮರಿ, ಮೊಟ್ಟೆ, ಏಡಿ, ಸೀಗಡಿ ಎಲ್ಲವನ್ನೂ ಒಯ್ಯುತ್ತದೆ. ಅದೇ ನೀರನ್ನು ಕೆಳಗಿನ ಊರಿನ ದನ, ಜನ ಕುಡಿಯುತ್ತಾರೆ.

ಬೆಳೆಗಾರರ ಪಾಲೂ ಇದರಲ್ಲಿದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ಡ್ರಮ್ಮನ್ನು ಹಳ್ಳದಲ್ಲಿ ತೊಳೆದರೆ ಮೈಲುತುತ್ತದ ತಾಮ್ರ ಮೀನಿಗೆ ವಿಷ. ಪಲ್ಪರ್ ನೀರನ್ನು ನೇರ ಹೊಳೆಗೆ ಬಿಟ್ಟರೆ ಕೊಳೆಯುವ ಸಿಪ್ಪೆ, ಲೋಳೆ ನೀರಿನ ಆಮ್ಲಜನಕವನ್ನು ಹೀರಿ ಮೀನು ಉಸಿರುಗಟ್ಟಿ ತೇಲುತ್ತದೆ. ಡ್ರಮ್ಮನ್ನು ತೋಟದಲ್ಲೇ ತೊಳೆಯುವುದು, ಪಲ್ಪರ್ ನೀರನ್ನು ಗುಂಡಿಯಲ್ಲಿ ನಿಲ್ಲಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ಹೊಳೆ ಸತ್ತ ಮೇಲೆ ಎಂಥ ಎರೆ ಕಟ್ಟಿಯೂ ಪ್ರಯೋಜನವಿಲ್ಲ.

ಗಮನದಲ್ಲಿಡಬೇಕಾದವು

ಮಳೆಗಾಲ ಮೀನಿನ ಬಾಣಂತನದ ಕಾಲ. ಮೊದಲ ಮಳೆಗೆ ಗದ್ದೆಗೇರುವ ಹತ್ತುಮೀನು ಮೊಟ್ಟೆಯಿಡಲು ಬರುತ್ತದೆ. ದಾರಿ ಪೂರ್ತಿ ಮುಚ್ಚಿ ಕೂಣಿ ಒಡ್ಡಬೇಡಿ. ಕೊರವನ ಕೆಂಪು ಮರಿಗಳ ಗುಂಪು ಕಂಡರೆ ಅದರ ಕೆಳಗೆ ತಾಯಿತಂದೆ ಕಾವಲಿರುತ್ತವೆ. ಆ ಗುಂಪಿನ ನಡುವೆ ಲೂರು ಎಸೆದರೆ ಕೋಪದಿಂದ ಖಂಡಿತ ಹೊಡೆಯುತ್ತವೆ. ಆದರೆ ಅವು ಹೋದ ಕೂಡಲೇ ಮರಿಗಳೆಲ್ಲ ಬೇರೆ ಮೀನುಗಳ ಪಾಲು. ಸುಲಭವಾಗಿ ಸಿಗುವ ಆ ಒಂದು ಮೀನನ್ನು ಬಿಡುವವನೇ ನಿಜವಾದ ಗಾಳಗಾರ.

ಕೊಯ್ಲು ಮುಗಿದು ಹೂಮಳೆಗೆ ಕಾಯುವ ಫೆಬ್ರವರಿ, ಮಾರ್ಚ್ ತಿಂಗಳು ನಮಗೂ ಬಿಡುವು, ನೀರೂ ತಗ್ಗಿರುತ್ತದೆ. ಕೊಕ್ಕೆಯ ಮುಳ್ಳನ್ನು ಇಕ್ಕುಳದಿಂದ ಒತ್ತಿ ಸಮಮಾಡಿಕೊಂಡರೆ ಬಿಡಬೇಕಾದ ಮೀನನ್ನು ನೋಯಿಸದೆ ಬಿಡಬಹುದು. ತುಂಡಾದ ದಾರವನ್ನು ದಡದಲ್ಲಿ ಬಿಟ್ಟು ಬರಬೇಡಿ. ಕೊಕ್ಕರೆಗಳ ಕಾಲಿಗೆ ಅದು ಉರುಳು. ಅಲ್ಲಾಳಸಂದ್ರದ ಕೆರೆಯಿರಲಿ, ನಿಮ್ಮ ಊರ ಕೆರೆಯಿರಲಿ, ಮೀನಿನ ಹಕ್ಕು ಯಾರದೆಂದು ಮೊದಲು ವಿಚಾರಿಸಿ, ಒಪ್ಪಿಗೆ ಪಡೆದೇ ಗಾಳ ಹಾಕಿ.

ತಮ್ಮ ಹಳ್ಳದಲ್ಲಿ ಹಿಂದೆ ಯಾವ ಮೀನುಗಳಿದ್ದವು, ಈಗ ಯಾವುವು ಉಳಿದಿವೆ ಎಂಬುದನ್ನು ಸದಸ್ಯರು ಒಂದು ಚೀಟಿಯಲ್ಲಿ ಬರೆದು ಸಂಘದ ಕಛೇರಿಗೆ ತಲುಪಿಸಿದರೆ, ಮುಂದಿನ ಸಂಚಿಕೆಗಳಲ್ಲಿ ಊರುವಾರು ಪ್ರಕಟಿಸುತ್ತೇವೆ.

— ಕಾರ್ಯದರ್ಶಿ